ಲಿಲಾವಿನ ಧಾರಣೆಯೂ ಆಟಗಾರನ ಬೆಲೆಯೂ

ನಮ್ಮೂರ ಪೇಟೆಯಲ್ಲಿ ಚೀಲ ಹೊತ್ತು ಸಂಸಾರ ಸಾಗಿಸುವ ಹಮಾಲ ಗೃಹಸ್ಥನೊಬ್ಬನು ಕೆಲವು ದಿನಗಳ ಹಿಂದೆ ನಮ್ಮ ಕಾರ್ಯಾಲಯಕ್ಕೆ ಬಂದು, ಬಾಗಿಲಲ್ಲಿಯೇ ನಿಂತು, ಒಂದು ಪ್ರಶ್ನೆ ಕೇಳಿದನು. “ಯಜಮಾನ್ರ, ನಮ್ಮ ಹುಡುಗಗ ಹದಿನೇಳು ತುಂಬ್ಯಾವು. ಕಬಡ್ಡಿ ಚಲೋ ಆಡ್ತಾನ. ಕಾಲೇಜು ಬಿಡಿಸಿ ಅದಕ್ಕ ಹಚ್ಚಿದ್ರ, ಟೀವಿಯೊಳಗ ಕೋಟಿ ಕೋಟಿ ಅಂತ ಕೂಗ್ತಾರಲ್ರೀ, ಅದರಾಗ ಇವನ ಪಾಲಿಗೂ ಏನರ ಬರ್ತದೇನ್ರೀ?” ಪ್ರಶ್ನೆಯು ಸಣ್ಣದಲ್ಲ. ಒಂದು ಮನೆಯ ಮುಂದಿನ ಇಪ್ಪತ್ತು ವರ್ಷಗಳ ಅನ್ನವು ಅದರಲ್ಲಿ ಅಡಗಿದೆ. ನಿಂತ ಕಾಲಿನ ಮೇಲೆ ಹೌದೆನ್ನಲಿಕ್ಕೂ ಅಲ್ಲವೆನ್ನಲಿಕ್ಕೂ ನಮಗೆ ಬಾಯಿ ಬರಲಿಲ್ಲ. ವಿಚಾರಮಾಡಿ ಹೇಳುವೆವೆಂದು ಕಳುಹಿಸಿಕೊಟ್ಟೆವು. ಹಾವೇರಿ, ರಾಣೇಬೆನ್ನೂರು, ಹಾನಗಲ್ಲು, ಹಿರೇಕೆರೂರ ಕಡೆಗಳಲ್ಲಿಯೂ ಎಷ್ಟೋ ತಾಯಿತಂದೆಗಳು ಇದೇ ಪ್ರಶ್ನೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರಬೇಕು. ಆದುದರಿಂದ ಆತನಿಗೆ ಸಲ್ಲಬೇಕಾದ ಉತ್ತರವನ್ನು ಬಹಿರಂಗವಾಗಿಯೇ ಕೊಡುವದು ಯೋಗ್ಯವೆಂದು ಬಗೆದು ಈ ಲೇಖನಕ್ಕೆ ಕೈಹಾಕಿದ್ದೇವೆ.

ನಮ್ಮ ಹಿರಿಯರು ಹುತುತು ಎಂದು ಕರೆಯುತ್ತಿದ್ದ ಕಬಡ್ಡಿಯು ಹೊಸ ಆಟವಲ್ಲ. ಸುಗ್ಗಿ ಮುಗಿದ ಕಣದಲ್ಲಿ, ಹೊಳೆಯ ಮರಳಿನಲ್ಲಿ, ಗರಡಿಯ ಮುಂದಿನ ಅಂಗಳದಲ್ಲಿ ಕಾಸಿನ ಖರ್ಚಿಲ್ಲದೆ ಬೆಳೆದ ಆಟವಿದು. ಹಿಂದಿನ ಶತಮಾನದ ಮೊದಲ ಭಾಗದಲ್ಲಿ ಪುಣೆ, ಬಡೋದೆಗಳ ವ್ಯಾಯಾಮಪ್ರಿಯರು ಇದಕ್ಕೆ ನಿಯಮಗಳನ್ನು ಬರೆದರು. 1936ರಲ್ಲಿ ಅಮರಾವತಿಯ ಹನುಮಾನ ವ್ಯಾಯಾಮ ಪ್ರಸಾರಕ ಮಂಡಳದವರು ಬರ್ಲಿನ್ ಒಲಿಂಪಿಕ್ ಕೂಟದ ಕಾಲಕ್ಕೆ ಇದನ್ನು ಪರದೇಶೀಯರ ಮುಂದೆ ಆಡಿ ತೋರಿಸಿದರು. 1990ರ ಬೀಜಿಂಗ ಏಶಿಯನ್ ಕೂಟದಲ್ಲಿ ಇದು ಪದಕದ ಆಟವಾಯಿತು. ಹುಬ್ಬಳ್ಳಿಯನ್ನು ಕೇಂದ್ರವಾಗಿಟ್ಟುಕೊಂಡು ಹಿಂದುಸ್ತಾನಿ ಸೇವಾದಳವನ್ನು ನಡೆಯಿಸಿದ ಡಾ. ನಾ. ಸು. ಹರ್ಡೀಕರರು ತರುಣರ ಶರೀರಸಂವರ್ಧನವನ್ನು ರಾಷ್ಟ್ರಕಾರ್ಯವೆಂದೇ ಎಣಿಸಿದ್ದರೆಂಬುದನ್ನು ವಾಚಕರು ಬಲ್ಲರು. ಆ ದೃಷ್ಟಿಯಿಂದ ನೋಡಿದರೆ ಕಬಡ್ಡಿಯ ಹಿತಾಹಿತವು ಕೇವಲ ವಿನೋದದ ವಿಷಯವಾಗಿ ಉಳಿಯುವದಿಲ್ಲ. ಅದು ಊರಿನ ತರುಣರ ಹಿತಾಹಿತದ ವಿಷಯವಾಗುವದು.

2014ರಲ್ಲಿ ಈ ಆಟದ ದೆಸೆ ತಿರುಗಿತು. ಆ ವರ್ಷ ಎಂಟು ತಂಡಗಳಿಂದ ಪ್ರೊ ಕಬಡ್ಡಿ ಲೀಗ್ ಆರಂಭವಾಯಿತು. 2017ರಲ್ಲಿ ತಂಡಗಳು ಹನ್ನೆರಡಾದವು. ಮಣ್ಣು ಹೋಗಿ ಗಾದಿಯ ಅಂಕಣ ಬಂದಿತು; ಪೆಟ್ರೋಮ್ಯಾಕ್ಸಿನ ಬೆಳಕು ಹೋಗಿ ಟೀವಿಯ ದೀಪಗಳು ಬಂದವು. ಆಟಗಾರರನ್ನು ತಂಡದ ಒಡೆಯರು ಲಿಲಾವಿನಲ್ಲಿ ಕೊಳ್ಳುವ ಪದ್ಧತಿಯೂ ಬಂದಿತು. ಮೊದಲ ಲಿಲಾವಿನಲ್ಲಿ ಎಲ್ಲರಿಗಿಂತ ಹೆಚ್ಚಿನ ಬೆಲೆಗೆ ಹೋದವರು ಭಾರತದ ನಾಯಕರಾಗಿದ್ದ ರಾಕೇಶಕುಮಾರರು. ಪಾಟಣಾ ತಂಡವು ಅವರಿಗೆ ಕೊಟ್ಟುದು 12 ಲಕ್ಷ 80 ಸಾವಿರ ರೂಪಾಯಿ. 2018ರಲ್ಲಿ ಕೋಟಿಯ ಗೆರೆಯನ್ನು ಆರು ಜನ ಮುಟ್ಟಿದರು. 2023ರಲ್ಲಿ ಒಬ್ಬನಿಗೇ 2 ಕೋಟಿ 60 ಲಕ್ಷ 50 ಸಾವಿರ ರೂಪಾಯಿ ಬಿದ್ದಿತು. ಒಂಬತ್ತು ವರ್ಷಗಳಲ್ಲಿ ಇಪ್ಪತ್ತು ಪಟ್ಟು! 2025ರ ಮೇ ಕೊನೆಯಲ್ಲಿ ಮುಂಬಯಿಯಲ್ಲಿ ನಡೆದ ಲಿಲಾವಿನಲ್ಲಿ ಹತ್ತು ಜನರು ಕೋಟಿಯನ್ನು ದಾಟಿದರು. ನಮ್ಮ ಹಮಾಲ ಗೃಹಸ್ಥನು ಕಂಡದ್ದು ಈ ಹತ್ತು ಜನರನ್ನು.

ಆದರೆ ಆತನು ಕಾಣದ್ದನ್ನೂ ಹೇಳಬೇಕು. ಆ ಲಿಲಾವಿನ ಪಟ್ಟಿಯಲ್ಲಿ ಐನೂರಕ್ಕೂ ಮಿಕ್ಕಿ ಹೆಸರುಗಳಿದ್ದವು. ಒಂದು ತಂಡವು ಹೆಚ್ಚೆಂದರೆ 25 ಜನರನ್ನು ಇಟ್ಟುಕೊಳ್ಳಬಹುದು. ಹನ್ನೆರಡು ತಂಡಗಳಿಗೆ ಮುನ್ನೂರು ಸ್ಥಾನಗಳು. ಅವುಗಳಲ್ಲಿಯೂ ಅನೇಕವು ಮೊದಲೇ ಉಳಿಸಿಕೊಂಡ ಆಟಗಾರರಿಂದ ತುಂಬಿರುತ್ತವೆ. ಅಂದ ಬಳಿಕ ಹೆಸರು ಕೊಟ್ಟವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಬರಿಗೈಯಿಂದ ಮನೆಗೆ ತಿರುಗುವದು ಲೆಕ್ಕದಿಂದಲೇ ಸಿದ್ಧವಾಗುತ್ತದೆ. ಆಟಗಾರರನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಿ, ಮೇಲಿನ ವರ್ಗಕ್ಕೆ 30 ಲಕ್ಷ, ಕೆಳಗಿನ ವರ್ಗಕ್ಕೆ 9 ಲಕ್ಷ ಮೂಲಬೆಲೆ ಇಟ್ಟಿದ್ದರು. ಒಂದು ತಂಡದ ಇಡೀ ಥೈಲಿಯು 5 ಕೋಟಿ. ಅದರಲ್ಲಿ ಒಬ್ಬನಿಗೆ ಎರಡು ಕೋಟಿ ಎಣಿಸಿದ ಮೇಲೆ ಉಳಿದ ಹದಿನೇಳು ಹದಿನೆಂಟು ಜನರು ಮಿಕ್ಕ ಮೂರು ಕೋಟಿಯನ್ನು ಹಂಚಿಕೊಳ್ಳತಕ್ಕದ್ದು. ಟೀವಿಯಲ್ಲಿ ಕೂಗುವದು ಮೊದಲಿನ ಅಂಕಿಯನ್ನು. ಬಹುಜನರ ಬಾಳು ನಿಂತಿರುವದು ಎರಡನೆಯ ಅಂಕಿಯ ಮೇಲೆ.

ಲಿಲಾವು ಎಂದರೇನೆಂಬುದನ್ನು ಬ್ಯಾಡಗಿಯವರಿಗೆ ಬೇರೆಯವರು ಕಲಿಸಬೇಕಾಗಿಲ್ಲ. ಸೋಮವಾರ, ಗುರುವಾರಗಳಂದು ನಮ್ಮ ಪೇಟೆಯಲ್ಲಿ ಕೆಂಪು ಗುಡ್ಡಗಳೇ ಏಳುತ್ತವೆ. ಡಬ್ಬಿಯಾಗಲಿ ಕಡ್ಡಿಯಾಗಲಿ, ಖರೀದಿದಾರನು ಒಂದು ಹಿಡಿ ಕಾಯಿ ಎತ್ತಿ, ಮುರಿದು, ಬಣ್ಣ ನೋಡಿ, ತೇವ ನೋಡಿ ಟೆಂಡರು ಬರೆಯುತ್ತಾನೆ. ಅವನು ನೋಡುವದು ಆ ದಿನದ ಕಾಯಿಯನ್ನು. ಬೆಳೆದ ಹೊಲವನ್ನಲ್ಲ, ಇಟ್ಟ ಬೀಜವನ್ನಲ್ಲ. ಅವನ ಕಸಬಿಗೆ ಅಷ್ಟು ಸಾಕು. ಧಾರಣೆಯು ಏರುವದೂ ಇಳಿಯುವದೂ ಕಾಯಿಯ ಗುಣವೊಂದರಿಂದಲೇ ಅಲ್ಲ. ಆವಕ ಎಷ್ಟು, ಶೀತಲಗೃಹಗಳಲ್ಲಿ ಹಳೆಯ ಮಾಲು ಎಷ್ಟು, ಹೊರಗಿನ ಬೇಡಿಕೆ ಎಷ್ಟು ಎಂಬುದರಿಂದ. 2024ರ ಮಾರ್ಚ್ 11ರಂದು ಧಾರಣೆ ಕುಸಿದುದನ್ನು ಕಂಡು ರೊಚ್ಚಿಗೆದ್ದ ಜನರ ಕೈಯಿಂದ ಮಾರುಕಟ್ಟೆ ಸಮಿತಿಯ ಕಚೇರಿಯೂ ವಾಹನಗಳೂ ಬೆಂಕಿಗೆ ಆಹುತಿಯಾದುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಆ ಕೃತ್ಯವನ್ನು ಯಾರೂ ಸಮರ್ಥಿಸುವಂತಿಲ್ಲ. ಆದರೆ ವರ್ಷದ ದುಡಿತದ ಬೆಲೆಯನ್ನು ಒಂದು ಮಧ್ಯಾಹ್ನದ ಅಂಕಿಯು ನಿರ್ಣಯಿಸುವದೆಂಬ ನೋವು ಎಂಥದೆಂಬುದು ಆ ದಿನ ಎಲ್ಲರಿಗೂ ತಿಳಿಯಿತು.

ಅಷ್ಟಾದರೂ ರೈತನಿಗೆ ಒಂದು ಅಧಿಕಾರ ಉಂಟು. ಬಂದ ಧಾರಣೆ ಒಪ್ಪಿಗೆಯಾಗದಿದ್ದರೆ ‘ಕೊಡುವದಿಲ್ಲ’ ಎನ್ನಬಹುದು. ಚೀಲಗಳನ್ನು ಶೀತಲಗೃಹಕ್ಕೆ ಹಾಕಿ ಮುಂದಿನ ವಾರದ ದಾರಿ ನೋಡಬಹುದು. ಲಿಲಾವಿಗೆ ಹೆಸರು ಕೊಟ್ಟ ಆಟಗಾರನಿಗೆ ಅದೂ ಇಲ್ಲ. ಯಾವ ಊರಿನ ತಂಡ, ಯಾವ ಗುರು, ಯಾವ ಸಂಗಡಿಗರು ಎಂಬುದನ್ನು ಆರಿಸುವವನು ಅವನಲ್ಲ. ಹೊಸ ತಂಡವೊಂದು ಕೂಗಿದ ಕೊನೆಯ ಬೆಲೆಯನ್ನು ಹಳೆಯ ಒಡೆಯನು ಸರಿಗಟ್ಟಿದರೆ ಮತ್ತೆ ಅಲ್ಲಿಗೇ ಹೋಗತಕ್ಕದ್ದೆಂಬ ನಿಯಮವೂ ಉಂಟು. ಮೆಣಸಿನಕಾಯಿಯನ್ನು ಶೀತಲಗೃಹದಲ್ಲಿ ಇಡಬಹುದು. ಇಪ್ಪತ್ನಾಲ್ಕರ ಪ್ರಾಯವನ್ನು ಇಡಲಾಗದು.

ಇನ್ನು ಲಿಲಾವಿನ ಕಣ್ಣು ಆಟಗಾರನ ಯೋಗ್ಯತೆಯನ್ನು ಎಷ್ಟರ ಮಟ್ಟಿಗೆ ಗುರುತಿಸುವದೆಂಬುದನ್ನು ಎರಡು ಉದಾಹರಣೆಗಳಿಂದ ಪರೀಕ್ಷಿಸೋಣ. ಎರಡಕ್ಕೂ ನಮ್ಮ ರಾಜಧಾನಿಯ ಹೆಸರು ಹೊತ್ತ ಬೆಂಗಳೂರು ಬುಲ್ಸ್ ತಂಡದ ಸಂಬಂಧವುಂಟು.

ಪ್ರದೀಪ ನರವಾಲನು 2015ರಲ್ಲಿ ಮೊದಲು ಆಡಿದುದು ಬೆಂಗಳೂರಿನ ಪರವಾಗಿ. ಕೆಲವೇ ಪಂದ್ಯಗಳಲ್ಲಿ ಅವಕಾಶ ದೊರೆಯಿತು. ಹುಡುಗನಲ್ಲಿ ವಿಶೇಷವೇನೂ ಇಲ್ಲವೆಂದು ತೋರಿರಬೇಕು, ಬಿಟ್ಟುಕೊಟ್ಟರು. ಪಾಟಣಾದವರು ತೆಗೆದುಕೊಂಡರು. ಮುಂದಿನ ಮೂರು ಹಂಗಾಮುಗಳಲ್ಲಿ ಮೂರು ಸಲವೂ ಪ್ರಶಸ್ತಿಯು ಪಾಟಣಾಕ್ಕೇ ಹೋಯಿತು. 2017ರ ಒಂದೇ ಹಂಗಾಮಿನಲ್ಲಿ ಆತನು ಗಳಿಸಿದ ದಾಳಿಯ ಅಂಕಗಳು 369. ಆಟದ ಜೀವಮಾನದಲ್ಲಿ 1800ನ್ನು ಮೀರಿದವು. 2021ರಲ್ಲಿ ಉತ್ತರಪ್ರದೇಶದ ತಂಡವು 1 ಕೋಟಿ 65 ಲಕ್ಷ ಕೊಟ್ಟಿತು. ಬೆಂಗಳೂರಿನವರು ಆತನನ್ನು ತಿರುಗಿ ಕೊಂಡುದು 2024ರಲ್ಲಿ, 70 ಲಕ್ಷಕ್ಕೆ. ಅಷ್ಟರಲ್ಲಿ ಆತನ ಕಾಲಿನ ಚಾಪಲ್ಯವು ಇಳಿಮುಖವಾಗಿದ್ದಿತು. 2025ರ ಲಿಲಾವಿನಲ್ಲಿ ಆತನ ಹೆಸರು ಕೂಗಿದಾಗ ಯಾರೂ ಕೈ ಎತ್ತಲಿಲ್ಲ. ಆತನು ಆಟದಿಂದ ನಿವೃತ್ತನಾದನು. ಸಸಿಯಿದ್ದಾಗ ಕಿತ್ತು ಕೊಟ್ಟು, ಹಣ್ಣು ಮುಗಿದ ಮೇಲೆ ಮರವನ್ನು ಕೊಂಡಂತೆ ಆಯಿತು.

ಎರಡನೆಯವನು ಪವನ ಸೆಹರಾವತ. ಇವನೂ ಬೆಂಗಳೂರಿನಲ್ಲಿ ಆರಂಭಿಸಿ, 2017ರಲ್ಲಿ ಗುಜರಾಥಕ್ಕೆ ಹೋಗಿ, ಅಲ್ಲಿ ಹೆಚ್ಚು ಅವಕಾಶವಿಲ್ಲದೆ ಕುಳಿತು, 2018ರಲ್ಲಿ ತಿರುಗಿ ಬಂದನು. ಬಂದ ವರ್ಷವೇ 271 ದಾಳಿಯ ಅಂಕಗಳನ್ನು ಗಳಿಸಿದನು. 2019ರ ಜನವರಿ 5ರ ಅಂತಿಮ ಪಂದ್ಯದಲ್ಲಿ ತನ್ನನ್ನು ಕೂಡಿಸಿಟ್ಟಿದ್ದ ಅದೇ ಗುಜರಾಥದ ಮೇಲೆ 22 ಅಂಕ ತೆಗೆದು, 38ಕ್ಕೆ 33ರಿಂದ ಬೆಂಗಳೂರಿಗೆ ಅದರ ಮೊದಲ ಪ್ರಶಸ್ತಿಯನ್ನು ದೊರಕಿಸಿದನು. ಅದೇ ವರ್ಷದ ಅಕ್ಟೋಬರದಲ್ಲಿ ಹರಿಯಾಣಾದ ತಂಡದ ಮೇಲೆ ಒಂದೇ ಪಂದ್ಯದಲ್ಲಿ 39 ಅಂಕ! 2022ರಲ್ಲಿ ತಮಿಳು ತಲೈವಾಸ್ ತಂಡವು 2 ಕೋಟಿ 26 ಲಕ್ಷಕ್ಕೆ ಕೊಂಡಿತು. ಮೊದಲ ಪಂದ್ಯದಲ್ಲಿಯೇ ಮೊಣಕಾಲು ಪೆಟ್ಟಾಗಿ ಇಡೀ ಹಂಗಾಮು ಹೋಯಿತು. 2023ರ ಅಕ್ಟೋಬರ 7ರಂದು ಭಾರತದ ನಾಯಕನಾಗಿ ಹಾಂಗ್‌ಝೌ ಏಶಿಯನ್ ಕೂಟದಲ್ಲಿ ಇರಾಣವನ್ನು ಸೋಲಿಸಿ ಚಿನ್ನ ತಂದನು. ಕೆಲವೇ ದಿನಗಳಲ್ಲಿ ತೆಲುಗು ಟೈಟನ್ಸ್ ತಂಡವು ಮೇಲೆ ಹೇಳಿದ 2 ಕೋಟಿ 60 ಲಕ್ಷ 50 ಸಾವಿರವನ್ನು ಕೂಗಿತು. 2024ರಲ್ಲಿ ಅದು 1 ಕೋಟಿ 72 ಲಕ್ಷ 50 ಸಾವಿರಕ್ಕೆ ಇಳಿಯಿತು. 2025ರಲ್ಲಿ 59 ಲಕ್ಷ 50 ಸಾವಿರಕ್ಕೆ. ಎರಡು ವರ್ಷಗಳೊಳಗೆ ಒಬ್ಬನೇ ಮನುಷ್ಯನ ಬೆಲೆಯು ಕಾಲುಪಾಲಿಗಿಂತಲೂ ಕಡಿಮೆಯಾಯಿತು. ಕಲಿತ ವಿದ್ಯೆಯು ಇಷ್ಟು ಬೇಗ ಮುಕ್ಕಾಲು ಕಳೆದುಹೋಗುವದುಂಟೇ? ಹೋದುದು ಪೇಟೆಯ ಹುರುಪು.

ಬೆಲೆಯು ಆಟಗಾರನಿಗೆ ನ್ಯಾಯಮಾಡದಿದ್ದರೂ ಕೊಂಡವನಿಗಾದರೂ ಗೆಲವನ್ನು ಕೊಡುವದೇ? ಪಟ್ಟಿಯನ್ನು ತೆರೆದು ನೋಡಿರಿ. 2023ರ ಲಿಲಾವಿನ ಅತ್ಯಂತ ದುಬಾರಿ ಆಟಗಾರನಿದ್ದ ತೆಲುಗು ಟೈಟನ್ಸ್ ಆ ಹಂಗಾಮಿನಲ್ಲಿ ಎಲ್ಲರಿಗಿಂತ ಕೆಳಗೆ ಉಳಿಯಿತು. 2025ರಲ್ಲಿ ಎರಡು ಕೋಟಿಯನ್ನು ದಾಟಿದವರು ಇಬ್ಬರು: ಗುಜರಾಥವು 2 ಕೋಟಿ 23 ಲಕ್ಷ ಕೊಟ್ಟ ಇರಾಣದ ಮಹಮ್ಮದರೆಜಾ ಶಾದ್ಲೂಯಿ ಮತ್ತು ಬಂಗಾಲವು 2 ಕೋಟಿ 20 ಲಕ್ಷ 50 ಸಾವಿರ ಕೊಟ್ಟ ದೇವಾಂಕ ದಲಾಲ. ಎರಡೂ ತಂಡಗಳು ಮೊದಲ ಎಂಟರೊಳಗೆ ಬರಲಿಲ್ಲ. ಆ ವರ್ಷದ ಅಂತಿಮ ಪಂದ್ಯದಲ್ಲಿ ನಿಂತವರು ದಿಲ್ಲಿ ಮತ್ತು ಪುಣೆ, ಗೆದ್ದವರು ದಿಲ್ಲಿಯವರು.

ಆದರೆ ವಾದದ ಭರದಲ್ಲಿ ಸತ್ಯದ ಇನ್ನೊಂದು ಮಗ್ಗಲನ್ನು ಮರೆಯಬಾರದು. ಅದೇ ಶಾದ್ಲೂಯಿಯು 2024ರ ಮಾರ್ಚದಲ್ಲಿ ಗೆದ್ದ ಪುಣೆಯ ತಂಡದಲ್ಲಿಯೂ, ಅದೇ ವರ್ಷದ ಡಿಸೆಂಬರದಲ್ಲಿ ಗೆದ್ದ ಹರಿಯಾಣಾದ ತಂಡದಲ್ಲಿಯೂ ಇದ್ದನು. ಅಂದಮೇಲೆ ಬೆಲೆಯುಳ್ಳ ಆಟಗಾರನು ನಿಷ್ಪ್ರಯೋಜಕನೆಂದು ಹೇಳುವವರು ಆಟವನ್ನು ಅರಿತವರಲ್ಲ. ಕಳಸವು ಗುಡಿಗೆ ಶೋಭೆ ಹೌದು. ಆದರೆ ಗೋಡೆಯೆದ್ದ ಮೇಲೆ. ಪುಣೆಯವರು ತಮ್ಮ ಸೀಮೆಯ ಎಳೆಯ ಹುಡುಗರನ್ನು ಆರಿಸಿ, ಯುವ ಪಲ್ಟನ್ ಎಂಬ ಹೆಸರಿನಿಂದ ತಮ್ಮ ಕೈಯೊಳಗೇ ಸಾಕಿ, ಸೋತ ವರ್ಷವೂ ಕೈಬಿಡದೆ ಒಟ್ಟಿಗೆ ಆಡಿಸಿದರು. ಅಸ್ಲಮ ಇನಾಮದಾರನಂಥವರು ಹಾಗೆ ಬೆಳೆದವರು. ಆದುದರಿಂದಲೇ ಶಾದ್ಲೂಯಿ ಬಂದಾಗ ಗೆದ್ದರು. ಅವನು ಹೋದ ಮೇಲೆಯೂ 2025ರಲ್ಲಿ ಮತ್ತೆ ಅಂತಿಮ ಪಂದ್ಯಕ್ಕೆ ಬಂದರು. ಕಬಡ್ಡಿಯಲ್ಲಿ ದಾಳಿಗಾರನು ಒಬ್ಬನೇ ಹೋಗಿ ಬರಬಹುದು. ಹಿಡಿಯುವವರು ಏಳೂ ಜನ ಒಂದೇ ಉಸಿರಿನವರಾಗಿರಬೇಕು. ಮೂಲೆಯವನು ಪಾದಕ್ಕೆ ಬಿದ್ದ ಕ್ಷಣಕ್ಕೆ ಪಕ್ಕದವನು ಸೊಂಟಕ್ಕೆ ಬೀಳಬೇಕು. ಆ ಒಂದು ಕ್ಷಣದ ಹೊಂದಿಕೆಯನ್ನು ಯಾವ ಲಿಲಾವಿನಲ್ಲಿಯೂ ಕೊಳ್ಳಲಾಗದು. ವರ್ಷಗಟ್ಟಲೆ ಕೂಡಿ ಆಡಿದರೆ ಬರುತ್ತದೆ.

ಇನ್ನು ಬೆಂಗಳೂರಿನ ತಂಡದ ಭವಿತವ್ಯ. 2024ರ ಹಂಗಾಮಿನಲ್ಲಿ ದೊಡ್ಡ ಹೆಸರುಗಳನ್ನು ಇಟ್ಟುಕೊಂಡೂ 22 ಪಂದ್ಯಗಳಲ್ಲಿ ಎರಡನ್ನೇ ಗೆದ್ದು ಕಟ್ಟಕಡೆಯ ಸ್ಥಾನಕ್ಕೆ ಇಳಿದಿತ್ತು. 2025ರಲ್ಲಿ ತಂಡವನ್ನು ಬಿ. ಸಿ. ರಮೇಶರ ಕೈಗೆ ಒಪ್ಪಿಸಿದರು. ಇವರು ಕನ್ನಡಿಗರು, 2001ನೆಯ ಸಾಲಿನ ಅರ್ಜುನ ಪ್ರಶಸ್ತಿ ಪಡೆದವರು, 2018ರ ಹಂಗಾಮಿನಲ್ಲಿ ಬೆಂಗಳೂರಿನ ತರಬೇತಿಯ ಬಳಗದಲ್ಲಿದ್ದವರು. ಆಮೇಲೆ ಇವರು ಹೊರಗೆ ಹೋದರು. 2019ರಲ್ಲಿ ಇವರ ಕೈಕೆಳಗೆ ಬಂಗಾಲವು ಗೆದ್ದಿತು. 2024ರ ಮಾರ್ಚದಲ್ಲಿ ಪುಣೆಯು ಗೆದ್ದಿತು. ಮನೆಯ ಗುರುವು ನೆರೆಮನೆಗಳಲ್ಲಿ ದೀಪ ಹಚ್ಚಿ ತಿರುಗಿ ಬಂದ ಹಾಗಾಯಿತು. ಬಂದ ವರ್ಷವೇ ತಂಡವು ಹನ್ನೆರಡನೆಯ ಸ್ಥಾನದಿಂದ ಮೂರನೆಯ ಸ್ಥಾನಕ್ಕೆ ಏರಿತು. ಪ್ರಶಸ್ತಿ ದೊರೆಯಲಿಲ್ಲವೆಂಬುದು ನಿಜ. ಆದರೆ ದೊಡ್ಡ ಹೆಸರಿಲ್ಲದೆ ಬಂದ ಇರಾಣದ ಅಲಿರೆಜಾ ಮಿರ್ಜಾಯಿಯಾನನು ಮುಖ್ಯ ದಾಳಿಗಾರನಾಗಿ ಬೆಳೆದನು. ಗಣೇಶ ಹನಮಂತಗೋಳ, ಸತ್ಯಪ್ಪ ಮಟ್ಟಿ ಎಂಬ, ಉಚ್ಚರಿಸಿದೊಡನೆ ನಮ್ಮ ನಾಡಿನ ಗಂಧ ಬರುವ ಹೆಸರುಗಳೂ ಆ ಪಟ್ಟಿಯಲ್ಲಿ ಕೇಳಿಬಂದವು. ಈ ಬಳಗವನ್ನು ಒಡೆಯರು ಎರಡು ಮೂರು ಹಂಗಾಮು ಕೆಡಿಸದೆ ಉಳಿಸಿಕೊಂಡರೆ ಬೆಂಗಳೂರಿಗೆ ಒಳ್ಳೆಯ ದಿನಗಳುಂಟು; ಒಂದು ಸೋಲಿಗೆ ಬೆದರಿ ಎಲ್ಲವನ್ನೂ ತೂರಿ ಹೊಸದಾಗಿ ಕೊಳ್ಳಹೋದರೆ 2024ರ ಕಥೆಯೇ ಮರಳುವದು. ಇದು ನಮ್ಮ ಸ್ಪಷ್ಟ ಅಭಿಪ್ರಾಯ.

ಇಷ್ಟಾದರೂ ಒಂದು ಮಾತು ಮನಸ್ಸನ್ನು ಕೊರೆಯುತ್ತದೆ. ಬೆಂಗಳೂರಿನ ಹೆಸರಿನ ತಂಡವು ಬೆಂಗಳೂರಿನದೆಂಬುದು ಎಷ್ಟರ ಮಟ್ಟಿಗೆ ದಿಟ? 2017ರಲ್ಲಿ ಅದರ ‘ಮನೆಯ ಪಂದ್ಯಗಳು’ ನಾಗಪುರದಲ್ಲಿ ನಡೆದವು, 2018ರಲ್ಲಿ ಪುಣೆಯಲ್ಲಿ. 2024 ಮತ್ತು 2025ರ ಹಂಗಾಮುಗಳಲ್ಲಿ ಬೆಂಗಳೂರಿನ ನೆಲದಲ್ಲಿ ಒಂದು ಪಂದ್ಯವೂ ಆಗಲಿಲ್ಲ. ಆಟಗಾರರ ಪಟ್ಟಿಯಲ್ಲಿ ವರ್ಷವರ್ಷವೂ ಹರಿಯಾಣಾದ ಹೆಸರುಗಳೇ ಮುಂದು. ಇತ್ತ ಕನ್ನಡಿಗರಾದ ಸುಕೇಶ ಹೆಗ್ಡೆಯವರು 2017ರಲ್ಲಿ ಗುಜರಾಥದ ನಾಯಕರಾಗಿಯೂ, ಪ್ರಶಾಂತಕುಮಾರ ರೈಯವರು 2022ರ ಫೆಬ್ರುವರಿಯಲ್ಲಿ ಪಾಟಣಾದ ನಾಯಕರಾಗಿಯೂ ಅಂತಿಮ ಪಂದ್ಯಗಳನ್ನು ಆಡಿದರು. ಯೋಗ್ಯರು ನಮ್ಮಲ್ಲಿ ಇಲ್ಲವೆಂದು ಹೇಳುವಂತಿಲ್ಲ.

ನಮ್ಮ ಮೆಣಸಿನಕಾಯಿಯ ಕಥೆಯೂ ಇದೇ ಅಲ್ಲವೇ? 2011ರಲ್ಲಿ ಭೌಗೋಲಿಕ ಮಾನ್ಯತೆ ಪಡೆದ ‘ಬ್ಯಾಡಗಿ’ ಎಂಬ ಹೆಸರು ದೇಶಾಂತರಗಳಲ್ಲಿ ನಡೆಯುತ್ತದೆ. ಆದರೆ ಪೇಟೆಗೆ ಬರುವ ಮಾಲಿನಲ್ಲಿ ಬಹುಪಾಲು ಬಳ್ಳಾರಿ, ರಾಯಚೂರು, ಆಂಧ್ರದ ಕಡೆಯದು. ತಾಲೂಕಿನ ಹೊಲಗಳಲ್ಲಿ ಮೂಲ ತಳಿಯು ವರ್ಷದಿಂದ ವರ್ಷಕ್ಕೆ ಕುಗ್ಗುತ್ತ ನಡೆದಿದೆ. ಇಳುವರಿ ಹೆಚ್ಚೆಂದು ಸಂಕರದ ಬೀಜಕ್ಕೆ ಹೋದ ರೈತನನ್ನು ನಾವು ದೂರುವದಿಲ್ಲ; ಹೊಟ್ಟೆಯ ಪಾಡು ಅವನದು. ಆದರೆ ಹೆಸರು ನಮ್ಮದು, ಬೆಳೆ ಪರರದು ಎಂಬ ಸ್ಥಿತಿಯು ಬಹುಕಾಲ ನಿಲ್ಲಲಾರದು. ಪೇಟೆಯು ಬಣ್ಣವನ್ನು ತೂಗಬಲ್ಲುದು; ಬೀಜವನ್ನು ಕಾಯಲಾರದು. ಬೀಜ ಕಾಯುವದು ಊರಿನ ಕೆಲಸ. ಈ ಮಾತು ಮೆಣಸಿನಕಾಯಿಗೆ ಎಷ್ಟು ಸತ್ಯವೋ ಆಟಗಾರನಿಗೂ ಅಷ್ಟೇ ಸತ್ಯವೆಂಬುದೇ ನಮ್ಮ ಪ್ರತಿಪಾದನೆ.

ಆಟವನ್ನು ದೊಡ್ಡ ವ್ಯಾಪಾರವಾಗಿ ನಡೆಯಿಸುವದರಲ್ಲಿ ನಮಗಿಂತ ಬಹುಕಾಲ ಮುಂದೆ ಹೋದ ಅಮೇರಿಕೆಯ ಬಾಸ್ಕೆಟ್‌ಬಾಲಿನಲ್ಲಿಯೂ ಪೇಟೆಯ ಕಣ್ಣು ತಪ್ಪುತ್ತದೆ. ಅಲ್ಲಿ ಲಿಲಾವು ಇಲ್ಲ; ಹೊಸ ಹುಡುಗರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುತ್ತವೆ. 2014ರಲ್ಲಿ ಸರ್ಬಿಯ ದೇಶದ ನಿಕೊಲಾ ಯೋಕಿಚ್ ಎಂಬ ಹುಡುಗನ ಸರದಿ ಬಂದುದು ನಲವತ್ತು ಜನರು ಆಯ್ಕೆಯಾದ ಮೇಲೆ. ಅವನೇ 2021, 2022, 2024ರಲ್ಲಿ ಇಡೀ ಲೀಗಿನ ಶ್ರೇಷ್ಠ ಆಟಗಾರನೆನಿಸಿ, 2023ರಲ್ಲಿ ಡೆನ್ವರ್ ತಂಡಕ್ಕೆ ಪ್ರಶಸ್ತಿ ತಂದನು. 2015ರಲ್ಲಿ ನಮ್ಮ ಪಂಜಾಬದ ಬಲ್ಲೋಕೆ ಗ್ರಾಮದ ಸತ್ನಾಮಸಿಂಗನನ್ನು, ಏಳು ಅಡಿಗೆ ಮಿಗಿಲಾದ ಅವನ ಎತ್ತರವನ್ನು ಕಂಡು, ಡಲ್ಲಸ್ ತಂಡವು ಆರಿಸಿತು, ದೇಶವೆಲ್ಲ ಹಿಗ್ಗಿತು, ಆದರೆ ಆ ಲೀಗಿನ ಒಂದು ಪಂದ್ಯವೂ ಅವನ ಪಾಲಿಗೆ ಬರಲಿಲ್ಲ. 2025ರ ಫೆಬ್ರುವರಿಯಲ್ಲಿ ಅದೇ ಡಲ್ಲಸ್ ತಂಡವು, ಹಿಂದಿನ ವರ್ಷವಷ್ಟೇ ತನ್ನನ್ನು ಅಂತಿಮ ಸ್ಪರ್ಧೆಗೆ ಒಯ್ದಿದ್ದ ಲೂಕಾ ಡೊಂಚಿಚನನ್ನು ರಾತ್ರಿ ಬೆಳಗಾಗುವದರಲ್ಲಿ ಲಾಸ್ ಏಂಜಲಿಸಿಗೆ ಅದಲುಬದಲು ಮಾಡಿಕೊಟ್ಟು, ಊರಿನ ಜನರ ಕೋಪಕ್ಕೆ ಗುರಿಯಾಯಿತು.

ಆದರೆ ಅಲ್ಲಿಯ ಆಟಗಾರರಿಂದ ಕಲಿಯತಕ್ಕದ್ದೂ ಉಂಟು. 1954ರಲ್ಲಿಯೇ ಅವರು ತಮ್ಮ ಸಂಘವನ್ನು ಕಟ್ಟಿಕೊಂಡರು. 1964ರಲ್ಲಿ ಬೋಸ್ಟನ್ ನಗರದಲ್ಲಿ ಶ್ರೇಷ್ಠ ಆಟಗಾರರ ಪಂದ್ಯಕ್ಕೆ ಜನ ಕೂಡಿ ಕುಳಿತಿರುವಾಗ, ನಿವೃತ್ತಿವೇತನದ ಮಾತು ಕೊಟ್ಟ ಹೊರತು ಅಂಕಣಕ್ಕೆ ಇಳಿಯುವದಿಲ್ಲವೆಂದು ಪಟ್ಟುಹಿಡಿದು ಗೆದ್ದರು. ಆ ದಿನ ಪಟ್ಟುಹಿಡಿದವರು ಹೆಸರುವಾಸಿಗಳು, ಫಲವುಂಡವರು ಹೆಸರಿಲ್ಲದವರು. ನಮ್ಮ ಕಬಡ್ಡಿಯ ಕೋಟ್ಯಧೀಶರು ಈ ಪಾಠವನ್ನು ಮನಸ್ಸಿಗೆ ತಂದುಕೊಳ್ಳಲಿ.

ಕೆಲವರು ಇಲ್ಲಿ ಎರಡು ಆಕ್ಷೇಪಗಳನ್ನು ಎತ್ತಬಹುದು. ಮೊದಲನೆಯದು, ಲೀಗು ಬಾರದ ಮುಂಚೆ ಕಬಡ್ಡಿಯವನಿಗೆ ಏನಿತ್ತು, ಈಗ ಒಂಬತ್ತು ಲಕ್ಷವಾದರೂ ಬರುವದಲ್ಲ ಎಂಬುದು. ಒಪ್ಪತಕ್ಕ ಮಾತು. ಹಳ್ಳಿಯ ಆಟಕ್ಕೆ ಮಾನ ತಂದುಕೊಟ್ಟುದಕ್ಕಾಗಿ ಲೀಗಿಗೆ ಕೃತಜ್ಞರಾಗಿರಬೇಕು. ನಮ್ಮ ಆಗ್ರಹವು ಲೀಗು ಬೇಡವೆಂದಲ್ಲ, ಲೀಗೊಂದನ್ನೇ ನಂಬಬಾರದೆಂದು. ಎರಡನೆಯದು, ರಾಷ್ಟ್ರೀಯ ಪತ್ರಿಕೆಯೊಂದು ಪ್ರಾಂತಾಭಿಮಾನದ ಮಾತಾಡುವದು ಸರಿಯೇ ಎಂಬುದು. ಹರಿಯಾಣಾದ ಹುಡುಗನು ನಮ್ಮ ದೇಶದ ಹುಡುಗನೇ. ಅವನ ಏಳಿಗೆಯ ಬಗ್ಗೆ ನಮಗೆ ಹೊಟ್ಟೆಕಿಚ್ಚಿಲ್ಲ. ಅವನ ಊರಿನಲ್ಲಿ ಮಣ್ಣಿನ ಅಂಕಣವುಂಟು, ಹಿರಿಯರ ಕಣ್ಗಾವಲುಂಟು, ಆಡಿ ಗೆದ್ದರೆ ಸೇನೆ, ರೇಲ್ವೆ, ಪೋಲೀಸುಗಳಲ್ಲಿ ನೌಕರಿಯ ಆಸೆಯುಂಟು. ಅವನು ಲಿಲಾವಿನಲ್ಲಿ ಸೋತರೂ ಬೀದಿಪಾಲಾಗುವದಿಲ್ಲ. ಆ ವ್ಯವಸ್ಥೆಯನ್ನು ನೋಡಿ ನಾವು ಕಲಿಯಬೇಕಾಗಿದೆ. ನಮ್ಮಲ್ಲಿ ಕ್ರೀಡಾಪಟುಗಳನ್ನು ನೌಕರಿಗೆ ತೆಗೆದುಕೊಂಡು ತಂಡ ಕಟ್ಟುತ್ತಿದ್ದ ವಿಜಯಾ ಬ್ಯಾಂಕಿನಂಥ ಸಂಸ್ಥೆಯೂ 2019ರಲ್ಲಿ ಬರೋಡಾ ಬ್ಯಾಂಕಿನಲ್ಲಿ ವಿಲೀನವಾಗಿಹೋಯಿತು. ಆ ಸ್ಥಾನವನ್ನು ತುಂಬುವವರು ಯಾರೆಂಬುದನ್ನು ಬೆಂಗಳೂರಿನ ಸರಕಾರವು ವಿಚಾರಿಸಬೇಕು.

ಹೆಣ್ಣುಮಕ್ಕಳ ಮಾತಂತೂ ಇನ್ನೂ ಶೋಚನೀಯ. ಕಾರ್ಕಳ ಸೀಮೆಯ ಮಮತಾ ಪೂಜಾರಿಯವರೂ ಬೆಂಗಳೂರಿನ ತೇಜಸ್ವಿನಿಬಾಯಿಯವರೂ ದೇಶಕ್ಕೆ ಏಶಿಯನ್ ಕೂಟದ ಚಿನ್ನ ತಂದು ಅರ್ಜುನ ಪ್ರಶಸ್ತಿ ಪಡೆದವರು. ಆದರೆ 2016ರಲ್ಲಿ ಗಂಡಸರ ಲೀಗಿನ ಜೊತೆಗೆ ಮೂರು ತಂಡಗಳಿಂದ ನಡೆದ ಮಹಿಳಾ ಸ್ಪರ್ಧೆಯು ಮರುವರ್ಷ ಮುಂದುವರಿಯಲಿಲ್ಲ. ಬೆಲೆ ಕೂಗುವವರಿಲ್ಲವೆಂದು ಯೋಗ್ಯತೆಯೇ ಇಲ್ಲವೆಂದಾಗುವದೇ?

ಹಾಗಾದರೆ ಈಗ ಮಾಡತಕ್ಕದ್ದೇನು? ತಂಡದ ಒಡೆಯರಲ್ಲಿ ನಮ್ಮ ಮೊದಲ ಕೇಳಿಕೆ: ನಾಡಿನ ಹೆಸರನ್ನು ಇಟ್ಟುಕೊಂಡವರು ನಾಡಿಗೆ ಬನ್ನಿರಿ. ಹುಬ್ಬಳ್ಳಿ, ಹಾವೇರಿ, ಬೆಳಗಾವಿ, ಕಲಬುರ್ಗಿಗಳಲ್ಲಿ ವರ್ಷಕ್ಕೊಮ್ಮೆ ಹುಡುಗರನ್ನು ಆರಿಸುವ ಪಂದ್ಯಗಳನ್ನಿಡಿರಿ. ಎಳೆಯ ಆಟಗಾರರಲ್ಲಿ ಒಂದು ಪಾಲು ಈ ಮಣ್ಣಿನವರಿರಲಿ. ಅದು ದಾನವಲ್ಲ, ಪುಣೆಯ ಲೆಕ್ಕವನ್ನು ನೋಡಿದರೆ ಲಾಭದ ಮಾತೇ. ಕ್ರೀಡಾ ಇಲಾಖೆಯ ಅಧಿಕಾರಿಗಳಲ್ಲಿ ಎರಡನೆಯದು: ಪ್ರತಿ ತಾಲೂಕಿಗೊಂದು ಗಾದಿಯ ಅಂಕಣವೂ ಅದಕ್ಕೊಬ್ಬ ಸಂಬಳದ ಗುರುವೂ ಬೇಕು. ಮಣ್ಣಿನ ಮೇಲೆ ಕಲಿತ ಹುಡುಗನು ಗಾದಿಯ ಮೇಲೆ ಮೊದಲ ಸಲ ಕಾಲಿಟ್ಟಾಗ ಜಾರುತ್ತಾನೆ. ಆರಿಸುವವರು ಅವನನ್ನು ಆ ಹೊತ್ತಿನಲ್ಲಿಯೇ ಬಿಟ್ಟುಬಿಡುತ್ತಾರೆ. ಮೂರನೆಯದು ನಮ್ಮ ಪೇಟೆಯ ವರ್ತಕರಲ್ಲಿ. ಜಾತ್ರೆಗಳಲ್ಲಿ ಒಂದು ರಾತ್ರಿಯ ಪಂದ್ಯಕ್ಕೆ ತೆಗೆಯುವ ಬಹುಮಾನದ ಹಣದಲ್ಲಿ ಅರ್ಧವನ್ನು ಆಟಗಾರರ ವಿಮೆಗೂ ಮೊಣಕಾಲಿನ ಚಿಕಿತ್ಸೆಗೂ ನಿಧಿಯಾಗಿ ಇಡಿರಿ. ದೀಪಾವಳಿಯ ಮುಂದೆ ನಮ್ಮ ಜಿಲ್ಲೆಯ ರೈತನು ಕೊಬ್ಬರಿ ಹೋರಿಯನ್ನು ಹೇಗೆ ಮೇಯಿಸಿ ತಿಕ್ಕಿ ಕಾಪಾಡುವನೆಂಬುದನ್ನು ಕಂಡವರು ನಾವು. ಹೋರಿಗೆ ಕೊಡುವ ಆರೈಕೆಯನ್ನು ಮಗನಿಗೆ ಕೊಡಲಾರೆವೇ?

ಇನ್ನು ಬಾಗಿಲಲ್ಲಿ ನಿಂತು ಪ್ರಶ್ನೆ ಕೇಳಿದ ಗೃಹಸ್ಥನಿಗೆ ಉತ್ತರ. ತಮ್ಮಾ, ಮಗನು ಆಡಲಿ, ನಿತ್ಯವೂ ಆಡಲಿ. ಆದರೆ ಕಾಲೇಜು ಬಿಡಿಸಬೇಡ. ಆ ಕೋಟಿಯು ಐನೂರರಲ್ಲಿ ಹತ್ತು ಜನರದು. ಆ ಹತ್ತರಲ್ಲಿಯೂ ಇಂದು ಇದ್ದುದು ನಾಳೆ ಇರುವದಿಲ್ಲ. ಇನ್ನು ನಾಲ್ಕೈದು ವರ್ಷ ಅವನ ಕಾಲುಗಳು ಬಲಿಯುವ ಕಾಲ. ಅದೇ ಕಾಲದಲ್ಲಿ ಪದವಿಯೂ ಕೈಗೆ ಬರಲಿ. ಯಾವ ತಂಡದವರು ಕರಾರುಪತ್ರ ತಂದರೂ ವಕೀಲರೊಬ್ಬರಿಗೆ ಓದಿಸದೆ ಸಹಿ ಹಾಕಿಸಬೇಡ; ಪೆಟ್ಟಾದರೆ ಖರ್ಚು ಯಾರದೆಂಬ ಮಾತು ಅದರಲ್ಲಿ ಇದೆಯೋ ಇಲ್ಲವೋ ಮೊದಲು ಕೇಳು. ಓದಿಸಲು ಬೇರೆ ಯಾರೂ ಸಿಗದಿದ್ದರೆ ನಮ್ಮ ಕಾರ್ಯಾಲಯದ ಬಾಗಿಲು ತೆರೆದಿದೆ. ಅವನ ಹೆಸರನ್ನು ಲಿಲಾವಿನಲ್ಲಿ ಕೂಗುವ ದಿನ ಬಂದರೆ ಊರೆಲ್ಲ ಸಂತೋಷಪಡುವೆವು. ಯಾರೂ ಕೈ ಎತ್ತದಿದ್ದರೂ ಅವನು ತಲೆಯೆತ್ತಿ ಊರಿಗೆ ತಿರುಗಿ ಬರುವಂತಿರಬೇಕು, ಬಂದು ನಾಲ್ಕು ಹುಡುಗರಿಗೆ ಕಲಿಸುವಂತಿರಬೇಕು. ಹಾಗೆ ಅವನನ್ನು ಸಿದ್ಧಪಡಿಸುವ ಹೊಣೆಯು ನಿನ್ನೊಬ್ಬನದಲ್ಲ, ನಮ್ಮೆಲ್ಲರದು.